ಮುದ್ದೆಯಿಂದ ಫುಡ್ ಕೋರ್ಟಿನವರೆಗೆ: ಬೆಂಗಳೂರಿನ ಹೊರವಲಯದ ಊಟ ಮತ್ತು ಮೇದೋಜೀರಕದ ಕ್ಯಾನ್ಸರ್

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಎಂಬ ಹೆಸರುಗಳ ಅಡಿಯಲ್ಲಿ ಹಳೆಯ ರಾಗಿ ಊರುಗಳಿವೆ. ಪೂರ್ವಕ್ಕೆ ಕಾಡುಗೋಡಿ, ಹೂಡಿ, ನಲ್ಲೂರಹಳ್ಳಿ. ದಕ್ಷಿಣಕ್ಕೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು, ಹೆಬ್ಬಗೋಡಿ. ವಾಯವ್ಯಕ್ಕೆ ಚೊಕ್ಕಸಂದ್ರ, ನಾಗಸಂದ್ರ, ದಾಸರಹಳ್ಳಿ. ಈ ಊರುಗಳ ಊಟ ಒಂದೂವರೆ ಶತಮಾನದಲ್ಲಿ ದೊಡ್ಡದಾಗಿ ಎರಡು ಸಲ ಬದಲಾಯಿತು. ಹೊಲದ ಊಟ ಹೋಗಿ ಕಾರ್ಖಾನೆಯ ಗಂಟೆಗೆ ಹೊಂದಿಕೊಂಡ ಊಟ ಬಂತು, ಅದರ ಬೆನ್ನಿಗೆ ಫುಡ್ ಕೋರ್ಟಿನ, ಮೊಬೈಲಿನಲ್ಲಿ ತರಿಸಿಕೊಳ್ಳುವ ಊಟ ಬಂತು. ಮೇದೋಜೀರಕದ ಕ್ಯಾನ್ಸರಿಗೂ ಆಹಾರಕ್ಕೂ ಇರುವ ನಂಟನ್ನು ವೈದ್ಯವಿಜ್ಞಾನ ಜಗತ್ತಿನಾದ್ಯಂತ ಹುಡುಕುತ್ತಿರುವುದು ಇಂಥ ಬದಲಾವಣೆಗಳಲ್ಲೇ. ಆ ಹುಡುಕಾಟದಿಂದ ಗೊತ್ತಾದದ್ದನ್ನು ಕೈಯಲ್ಲಿ ಹಿಡಿದು ಈ ಊರುಗಳ ಊಟದ ಚರಿತ್ರೆ ನೋಡಿದರೆ, ಯಾವುದೋ ಒಂದು ತಿನಿಸಿಗಿಂತ ಮೈದುಡಿಮೆ, ಊಟದ ಹೊತ್ತು, ತಂಬಾಕು, ಸೊಂಟದ ಸುತ್ತಳತೆ ಇವೇ ದೊಡ್ಡ ಮಾತಾಗಿ ಕಾಣುತ್ತವೆ.

ಮೇದೋಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ, ಅಡ್ಡಲಾಗಿ ಮಲಗಿದಂತಿರುವ ಸುಮಾರು 15 ಸೆಂ.ಮೀ. ಉದ್ದದ ಅಂಗ. ಅದಕ್ಕೆ ಎರಡು ಕೆಲಸ. ತಿಂದ ಪಿಷ್ಟ, ಪ್ರೋಟೀನ್, ಕೊಬ್ಬನ್ನು ಕರಗಿಸುವ ರಸವನ್ನು ಸಣ್ಣ ಕರುಳಿಗೆ ಹರಿಸುವುದು ಒಂದು, ಇನ್ಸುಲಿನ್ ತಯಾರಿಸಿ ರಕ್ತಕ್ಕೆ ಬಿಡುವುದು ಇನ್ನೊಂದು. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ರಸ ಹರಿಸುವ ನಾಳದ ಒಳಪದರದಲ್ಲಿ. ಅಂಗ ಆಳದಲ್ಲಿರುವುದರಿಂದ ಗಡ್ಡೆ ಕೈಗೆ ಸಿಗುವುದಿಲ್ಲ, ನೋವೂ ಬೇಗ ಕಾಣಿಸುವುದಿಲ್ಲ. ಕಾಮಾಲೆ, ಬೆನ್ನಿಗೆ ಹೊರಳುವ ಹೊಟ್ಟೆನೋವು, ಕಾರಣವಿಲ್ಲದೆ ಮೈ ಇಳಿಯುವುದು ಇವು ಕಾಣಿಸಿಕೊಳ್ಳುವ ಹೊತ್ತಿಗೆ ಬಹುಪಾಲು ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯ ಕಾಲ ಮೀರಿರುತ್ತದೆ. 2022ರಲ್ಲಿ ಜಗತ್ತಿನಲ್ಲಿ ಸುಮಾರು 5.1 ಲಕ್ಷ ಜನರಿಗೆ ಈ ಕ್ಯಾನ್ಸರ್ ಬಂತು, ಅದೇ ವರ್ಷ ಸುಮಾರು 4.67 ಲಕ್ಷ ಜನ ಇದರಿಂದ ಸತ್ತರು. ಈ ಎರಡು ಅಂಕಿಗಳ ನಡುವಿನ ಅಂತರ ಎಷ್ಟು ಕಡಿಮೆ ಎಂಬುದೇ ಕಾಯಿಲೆಯ ಕ್ರೌರ್ಯವನ್ನು ಹೇಳುತ್ತದೆ. ಭಾರತದಲ್ಲಿ ಇದು ಇನ್ನೂ ಅಪರೂಪದ ಕ್ಯಾನ್ಸರ್, ವರ್ಷಕ್ಕೆ ಲಕ್ಷ ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಬರುವಂಥದ್ದು. ಯುರೋಪ್, ಅಮೆರಿಕಗಳಲ್ಲಿ ಇದರ ಹಲವು ಪಟ್ಟು ಇದೆ. ಈ ಅಂತರಕ್ಕೆ ವಯಸ್ಸು ಒಂದು ಕಾರಣ, ಬದುಕಿನ ರೀತಿ ಇನ್ನೊಂದು.

ಹೊಲದ ಊಟದ ಕಾಲದ ಚಿತ್ರ ಸಾಕಷ್ಟು ಸ್ಪಷ್ಟವಾಗಿ ದಾಖಲಾಗಿದೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯನ್ನು ಸುತ್ತಿದಾಗ ಬೆಂಗಳೂರಿನ ಆಸುಪಾಸಿನ ಬೆದ್ದಲು ಹೊಲಗಳಲ್ಲಿ ಕಂಡ ಮುಖ್ಯ ಬೆಳೆ ರಾಗಿ. ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳ ಅಕ್ಕಡಿ ಸಾಲು. ಒಂದೇ ಹೊಲ ಹಿಟ್ಟು, ಬೇಳೆ, ಎಣ್ಣೆ, ಒಗ್ಗರಣೆ ಎಲ್ಲವನ್ನೂ ಕೊಡುತ್ತಿತ್ತು. ಕಟಾವಾದ ರಾಗಿ ಹಗೇವಿಗೆ ಇಳಿಯುತ್ತಿತ್ತು. ನೆಲದೊಳಗಿನ ಈ ಕಣಜದಲ್ಲಿ ಅದು ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತಿದ್ದುದರಿಂದ ಬರಗಾಲದ ಭರವಸೆಯೂ ಅದೇ ಆಗಿತ್ತು. ಅಕ್ಕಿ ಹಬ್ಬದ ಊಟ, ನೆಂಟರ ಊಟ, ಕೆರೆಯ ಕೆಳಗೆ ಗದ್ದೆಯಿದ್ದವರ ಊಟ. ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿ ಮತ್ತು ರಾಗಿಯನ್ನು ಜಗಳಕ್ಕೆ ನಿಲ್ಲಿಸಿ ರಾಗಿಯ ಕಡೆ ತೀರ್ಪು ಕೊಡಿಸಿದ್ದರ ಹಿಂದೆ ಇದೇ ಅನ್ನದ ಅಂತಸ್ತು ಇದೆ.

ಬೆಳಗಿಗೆ ಅಂಬಲಿ ಅಥವಾ ತಂಗಳು ಮುದ್ದೆ, ಮಧ್ಯಾಹ್ನ ಮತ್ತು ರಾತ್ರಿ ಬಿಸಿ ಮುದ್ದೆ. ಜೊತೆಗೆ ಬಸ್ಸಾರು, ಮಸ್ಸೊಪ್ಪು, ಉಪ್ಸಾರು, ಹುರುಳಿ ಕಟ್ಟಿನ ಸಾರು. ಹೊಲದ ಬದುವಿನಲ್ಲಿ ತಾನೇ ಬೆಳೆದ ಅಣ್ಣೆ, ಕಿರಕಸಾಲೆಗಳನ್ನೆಲ್ಲ ಕೂಡಿಸಿದ ಬೆರಕೆ ಸೊಪ್ಪು. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ, ಹಿತಕಿದ ಬೇಳೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 364 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಇಷ್ಟರಿಂದಲೇ ರಾಗಿ ಕ್ಯಾನ್ಸರ್ ತಡೆಯುತ್ತದೆ ಎಂದು ಬಿಡುವುದು ತಪ್ಪು. ಹೊರದೇಶಗಳಲ್ಲಿ ಇಡೀ ಧಾನ್ಯ ಉಣ್ಣುವವರಲ್ಲಿ ಮೇದೋಜೀರಕದ ಕ್ಯಾನ್ಸರ್ ಕಡಿಮೆ ಎಂದು ಹೇಳುವ ಅಧ್ಯಯನಗಳಿದ್ದರೂ ಪುರಾವೆ ಗಟ್ಟಿಯಾಗಿಲ್ಲ. ನುಣ್ಣಗೆ ಬೀಸಿದ ರಾಗಿ ಹಿಟ್ಟು ರಕ್ತದ ಸಕ್ಕರೆಯನ್ನು ಸಾಕಷ್ಟು ಏರಿಸಬಲ್ಲದು ಕೂಡ. ಅಂದಿನ ಮುದ್ದೆಗೆ ಸೊಪ್ಪು, ಕಾಳು ಜೊತೆಗಿದ್ದವು, ಉಂಡವರು ನೇಗಿಲು ಹಿಡಿದು, ಕಳೆ ಕಿತ್ತು, ನೀರು ಹೊತ್ತು ಅದನ್ನು ಕರಗಿಸುತ್ತಿದ್ದರು. ಆ ಊಟದ ಗುಣವನ್ನು ಆ ದುಡಿಮೆಯಿಂದ ಬಿಡಿಸಿ ಅಳೆಯಲಾಗದು. ಅದೇ ಜನರಲ್ಲಿ ಹಸಿವು, ಸೋಂಕು, ಬಾಣಂತಿ ಸಾವುಗಳು ಇದ್ದವೆಂಬುದನ್ನೂ ಮರೆಯಬಾರದು. 1876–78ರ ಬರ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನರನ್ನು ಕೊಂದಿತು. ಮೇದೋಜೀರಕದ ಕ್ಯಾನ್ಸರ್ ಬರುವ ವಯಸ್ಸನ್ನು ಮುಟ್ಟಿದವರೇ ಆಗ ಕಡಿಮೆ.

ಮಾಂಸದ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಕ್ಯಾನ್ಸರಿನ ಚರ್ಚೆಯಲ್ಲಿ ಮೊದಲು ಆರೋಪ ಬರುವುದು ಅದರ ಮೇಲೆ. ಬೆಂಗಳೂರು ಸುತ್ತಿನ ಬಹುಪಾಲು ಒಕ್ಕಲು ಮನೆಗಳು ಮಾಂಸಾಹಾರಿಗಳೇ. ಆದರೆ ಮಾಂಸ ಬರುತ್ತಿದ್ದುದು ಮಾರಿಹಬ್ಬಕ್ಕೆ, ಊರಹಬ್ಬಕ್ಕೆ, ಬೀಗರೂಟಕ್ಕೆ, ಯುಗಾದಿಯ ಮರುದಿನದ ಹೊಸತೊಡಕಿಗೆ. ಹೊಸತೊಡಕಿನ ಗುಡ್ಡೆ ಮಾಂಸ ಈ ಸೀಮೆಯ ಒಳ್ಳೆಯ ಪದ್ಧತಿಗಳಲ್ಲೊಂದು. ಕೆಲವು ಮನೆಗಳವರು ಸೇರಿ ವರ್ಷವಿಡೀ ಚೀಟಿ ಕಟ್ಟಿ, ಆ ದುಡ್ಡಿನಿಂದ ಕುರಿ ತಂದು ಕಡಿಸಿ, ಮೂಳೆ, ಮೆತ್ತನೆಯ ಮಾಂಸ, ಈಲಿ ಎಲ್ಲವನ್ನೂ ಸಮನಾಗಿ ಎಲೆಯ ಮೇಲೆ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಮನೆಗೊಂದು ಗುಡ್ಡೆ. ಅದು ಸಾರಾಗಿ ಮುದ್ದೆಯ ಜೊತೆ ಇಡೀ ಮನೆಗೆ ಸಾಲಬೇಕು. ಹಾಗಾಗಿ ತಲೆಗೆ ಬೀಳುತ್ತಿದ್ದ ಮಾಂಸ ಕಡಿಮೆ, ನೀರಿನಲ್ಲಿ ಕುದಿಯುತ್ತಿದ್ದುದರಿಂದ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಕೆಂಡದ ಮೇಲೆ ಸುಟ್ಟಾಗ, ಕಾದ ಎಣ್ಣೆಯಲ್ಲಿ ಕಪ್ಪಾಗುವವರೆಗೆ ಹುರಿದಾಗ ಮಾಂಸದಲ್ಲಿ ಹುಟ್ಟುವ ಹೆಟರೋಸೈಕ್ಲಿಕ್ ಅಮೈನ್‌ಗಳು, ಹೊಗೆಯ ಹೈಡ್ರೋಕಾರ್ಬನ್‌ಗಳು ಸಾರಿನಲ್ಲಿ ಹಾಗೆ ಹುಟ್ಟುವುದಿಲ್ಲ. ಇವು ಮೇದೋಜೀರಕದ ಕ್ಯಾನ್ಸರಿಗೆ ದಾರಿ ಮಾಡಬಹುದೆಂಬ ಅನುಮಾನ ಅಮೆರಿಕದ ದೊಡ್ಡ ಅಧ್ಯಯನಗಳಲ್ಲಿ ಕಂಡುಬಂದಿದೆ.

ಸಂಸ್ಕರಿಸಿದ ಮಾಂಸ ಬೆಂಗಳೂರಿಗೆ ಬಂದದ್ದು ಬೇರೆ ದಾರಿಯಲ್ಲಿ. 1809ರಲ್ಲಿ ನೆಲೆಗೊಂಡ ದಂಡು ಪ್ರದೇಶದ ಇಂಗ್ಲಿಷ್ ತಿಂಡಿಯ ಜೊತೆಗೆ ಬೇಕನ್, ಹ್ಯಾಮ್, ಸಾಸೇಜುಗಳು ಊರಿಗೆ ಪರಿಚಯವಾದವು. 1882ರಲ್ಲಿ ಚಾಮರಾಜೇಂದ್ರ ಒಡೆಯರ್ ಮೈಸೂರು–ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ನೆಲ ಕೊಟ್ಟರು. ಆ ಸಂಘದ ಡಿ.ಎಸ್. ವೈಟ್ ಅವರ ಹೆಸರಿನಲ್ಲಿ ಕಾಡುಗೋಡಿಯ ಪಕ್ಕ ಹುಟ್ಟಿದ ಬೇಸಾಯದ ವಸಾಹತೇ ವೈಟ್‌ಫೀಲ್ಡ್. ದುಂಡನೆಯ ಇನ್ನರ್ ಸರ್ಕಲ್, ಅದರ ಸುತ್ತ ಹೆಂಚಿನ ಮನೆಗಳು, ತೋಟಗಳು. ವೈಟ್‌ಫೀಲ್ಡ್ ಬೆಳೆಯಲಿಲ್ಲ. ನೂರು ವರ್ಷ ಅದು ರಾಗಿ ಹೊಲಗಳ ನಡುವೆ ಕ್ರಿಸ್‌ಮಸ್ ಕೇಕ್, ರೋಸ್ಟ್ ಬೇಯುವ ಸಣ್ಣ ದ್ವೀಪವಾಗಿಯೇ ಉಳಿಯಿತು, ಸುತ್ತಲಿನ ಹಳ್ಳಿಗಳ ಊಟವನ್ನು ಅದು ತಾಕಲೇ ಇಲ್ಲ. ಸಂಸ್ಕರಿಸಿದ ಮಾಂಸದ ಮಾತಿಗೆ ಮರಳಿದರೆ, ಉಪ್ಪು, ನೈಟ್ರೈಟ್ ಹಾಕಿ ಕೆಡದಂತೆ ಇಟ್ಟ ಮಾಂಸದಿಂದ ಹೊಟ್ಟೆಯಲ್ಲಿ ನೈಟ್ರೊಸಮೈನ್‌ಗಳು ಹುಟ್ಟಬಲ್ಲವು. ಪ್ರಯೋಗಾಲಯದ ಪ್ರಾಣಿಗಳಲ್ಲಿ ಕೆಲವು ನೈಟ್ರೊಸಮೈನ್‌ಗಳು ಮೇದೋಜೀರಕದ ಗಡ್ಡೆ ಹುಟ್ಟಿಸುತ್ತವೆ. 2015ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದು ದೊಡ್ಡಕರುಳಿನ ಕ್ಯಾನ್ಸರಿನ ಆಧಾರದ ಮೇಲೆ. ಮೇದೋಜೀರಕದ ವಿಷಯದಲ್ಲಿ ಕೆಂಪು ಮಾಂಸದ ನಂಟನ್ನು ಅದು ಗುರುತಿಸಿತು, ಕಡೆಯ ತೀರ್ಪು ಕೊಡಲಿಲ್ಲ. 2012ರಲ್ಲಿ ಸ್ವೀಡನ್ನಿನ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸಕ್ಕೆ ಮೇದೋಜೀರಕದ ಕ್ಯಾನ್ಸರಿನ ಅಪಾಯ ಶೇ. 19ರಷ್ಟು ಹೆಚ್ಚು ಕಂಡಿತು. ಅಪರೂಪದ ಕಾಯಿಲೆಯ ಮೇಲೆ ಶೇ. 19 ಎಂದರೆ ಒಬ್ಬ ವ್ಯಕ್ತಿಯ ಮಟ್ಟಿಗೆ ಸಣ್ಣ ಏರಿಕೆ. ಇಡೀ ಊರು ದಿನವೂ ತಿಂದರೆ ಅದು ಸಣ್ಣದಲ್ಲ.

ಊಟದ ಮೊದಲ ದೊಡ್ಡ ಬದಲಾವಣೆಯನ್ನು ತಂದದ್ದು ಕಾರ್ಖಾನೆಯ ಸೈರನ್. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಕೃಷ್ಣರಾಜಪುರದ ಬಳಿ ಐಟಿಐ, 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಬಂದವು. 1948ರ ಕಾರ್ಖಾನೆ ಕಾಯ್ದೆಯ 46ನೇ ಕಲಮಿನ ಪ್ರಕಾರ 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗೆ ಕ್ಯಾಂಟೀನ್ ಕಡ್ಡಾಯ ಮಾಡಲು ಸರ್ಕಾರಕ್ಕೆ ಅಧಿಕಾರ ಬಂತು. ಸಾರ್ವಜನಿಕ ಉದ್ದಿಮೆಗಳ ಕ್ಯಾಂಟೀನಿನಲ್ಲಿ ಕಡಿಮೆ ಬೆಲೆಗೆ ಹೊಟ್ಟೆ ತುಂಬ ಅನ್ನ, ಸಾಂಬಾರು, ಪಲ್ಯ, ಮಜ್ಜಿಗೆ ಸಿಗುತ್ತಿತ್ತು. ಮುದ್ದೆ ಕಟ್ಟಿಕೊಂಡು ಹೋಗುವ ಊಟವಲ್ಲ, ಬಿಸಿಯಿರುವಾಗಲೇ ಉಣ್ಣಬೇಕು. ಅನ್ನ, ಚಿತ್ರಾನ್ನ, ಚಪಾತಿ ಡಬ್ಬಿಗೆ ಒಗ್ಗುತ್ತವೆ. ಮಗ ಕಾರ್ಖಾನೆ ಸೇರಿದ ಮನೆಯಲ್ಲಿ ಹಗಲಿನ ಮುದ್ದೆ ಮೊದಲು ಹೋಯಿತು, ರಾತ್ರಿಯ ಮುದ್ದೆ ಇನ್ನೊಂದು ತಲೆಮಾರು ಉಳಿಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ' ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕದ ತಳಿಗಳನ್ನು ಕೂಡಿಸಿ ಇಂಡಾಫ್ ರಾಗಿಗಳನ್ನು ಕೊಟ್ಟು ಇಳುವರಿಯನ್ನು ಎತ್ತಿದ ಕಾಲದಲ್ಲೇ ಬೆಂಗಳೂರಿನ ಸುತ್ತ ರಾಗಿ ಉಣ್ಣುವವರು ಕಡಿಮೆಯಾಗುತ್ತ ಬಂದರೆಂಬುದು ನೋವಿನ ಸಂಗತಿ.

1970ರ ದಶಕದಲ್ಲಿ ರೂಪುಗೊಂಡ ಪೀಣ್ಯದ ಕಥೆ ಬೇರೆ. ಪೀಣ್ಯದ ಬಲವಿರುವುದು ಸಾವಿರಾರು ಸಣ್ಣ ಶೆಡ್ಡುಗಳಲ್ಲಿ. ಲೇತ್, ಪ್ರೆಸ್, ಪೌಡರ್ ಕೋಟಿಂಗ್, ಎರಕದ ಕೆಲಸ. ಹತ್ತು, ಇಪ್ಪತ್ತು, ಐವತ್ತು ಜನ ದುಡಿಯುವ ಇಂಥ ಕಡೆಗಳಿಗೆ 250ರ ಲೆಕ್ಕದ ಕ್ಯಾಂಟೀನ್ ಕಾಯ್ದೆ ಮುಟ್ಟಲೇ ಇಲ್ಲ. ಹಾಗಾಗಿ ಪೀಣ್ಯದ ದುಡಿಮೆಗಾರನ ಊಟ ರಸ್ತೆಬದಿಯ ಗಾಡಿಗೆ, ದರ್ಶಿನಿಗೆ, ಉತ್ತರ ಕರ್ನಾಟಕದವರು ಜೋಳದ ರೊಟ್ಟಿಗಾಗಿ ಹುಡುಕಿಕೊಂಡು ಹೋಗುವ ಖಾನಾವಳಿಗೆ ಬಿತ್ತು. ಪಾಳಿಯ ನಡುವಿನ ಹತ್ತು ನಿಮಿಷದಲ್ಲಿ ಒಂದು ಸಿಹಿ ಟೀ, ಒಂದು ಬೀಡಿ. ಗಾರ್ಮೆಂಟ್ ಹೆಣ್ಣುಮಕ್ಕಳಿಗೆ ಆ ಹತ್ತು ನಿಮಿಷವೂ ದುಬಾರಿ. ಬೆಳಗ್ಗೆ ಐದಕ್ಕೆ ಎದ್ದು ಮಾಡಿದ ಅನ್ನವೇ ಮಧ್ಯಾಹ್ನದ ಡಬ್ಬಿ.

ಆ ಟೀ ಮತ್ತು ಬೀಡಿಯಲ್ಲಿ ಮೇದೋಜೀರಕಕ್ಕೆ ನಿಜವಾದ ಶತ್ರು ಬೀಡಿ. ಈ ಕ್ಯಾನ್ಸರಿನ ಕಾರಣಗಳಲ್ಲಿ ಅನುಮಾನಕ್ಕೆ ಎಡೆಯಿಲ್ಲದ್ದು ತಂಬಾಕು. ಸೇದುವವರಿಗೆ ಸೇದದವರಿಗಿಂತ ಅಪಾಯ ಸುಮಾರು ಎರಡು ಪಟ್ಟು. ಹೊಗೆಸೊಪ್ಪು, ಖೈನಿ, ಗುಟ್ಕಾಗಳೂ ಬಾಯಿಯಷ್ಟೇ ಅಲ್ಲದೆ ಮೇದೋಜೀರಕದ ಕ್ಯಾನ್ಸರಿಗೂ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತೀರ್ಮಾನಿಸಿದೆ. ಕರ್ನಾಟಕ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧಿಸಿತು, ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಚೀಟಿಯಲ್ಲಿ ಕೊಂಡು ಬೆರೆಸಿಕೊಳ್ಳುವ ದಾರಿ ಉಳಿದೇ ಇತ್ತು. ಐಟಿ ಕಂಪನಿಗಳ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಬೀಡಿಯ ಜಾಗಕ್ಕೆ ಸಿಗರೇಟು ಬಂದಿದೆ. ಅಪಾಯ ಅದೇ.

ಸಾರಾಯಿಯ ಪಾತ್ರ ಸುತ್ತುಬಳಸಿನದು. ವರ್ಷಗಟ್ಟಲೆ ಅತಿಯಾಗಿ ಕುಡಿಯುವವರಲ್ಲಿ ಮೇದೋಜೀರಕ ಮತ್ತೆ ಮತ್ತೆ ಉರಿದು, ಗಾಯವಾಗಿ, ಗಟ್ಟಿಯಾಗುತ್ತದೆ. ಈ ದೀರ್ಘಕಾಲದ ಉರಿಯೂತವೇ ಕ್ಯಾನ್ಸರಿಗೆ ನೆಲ ಹದ ಮಾಡುತ್ತದೆ. ಪ್ಯಾಕೆಟ್ ಸಾರಾಯಿ ದುಡಿಯುವ ಬಡಾವಣೆಗಳ ಸಂಬಳವನ್ನು ನುಂಗುತ್ತಿದ್ದ ಕಾಲ 2007ರ ಜುಲೈ 1ರ ನಿಷೇಧದೊಂದಿಗೆ ಮುಗಿಯಿತು. ಕುಡಿತ ಮುಗಿಯಲಿಲ್ಲ, ಅಗ್ಗದ ವಿಸ್ಕಿ, ಬ್ರಾಂದಿಯ ಕಡೆ ಹೊರಳಿತು.

ಕುಡಿಯದವರಲ್ಲೂ ಬರುವ ಒಂದು ಉರಿಯೂತ ದಕ್ಷಿಣ ಭಾರತದಲ್ಲಿ ಹೆಚ್ಚು. ಚಿಕ್ಕ ವಯಸ್ಸಿನಲ್ಲೇ ಹೊಟ್ಟೆನೋವು, ಮೇದೋಜೀರಕದಲ್ಲಿ ಕಲ್ಲು, ಆಮೇಲೆ ಸಕ್ಕರೆ ಕಾಯಿಲೆ. ಕೇರಳದಲ್ಲಿ ಡಾ. ಪಿ.ಜೆ. ಗೀವರ್ಗೀಸ್ ಇಂಥ ನೂರಾರು ರೋಗಿಗಳನ್ನು ಕಂಡು ದಾಖಲಿಸಿದರು. ಬಡವರ ಆಹಾರವಾದ ಮರಗೆಣಸಿನಲ್ಲಿರುವ ಸಯನೈಡ್ ಅಂಶವೇ ಇದಕ್ಕೆ ಕಾರಣವೆಂದು ದಶಕಗಳ ಕಾಲ ನಂಬಲಾಗಿತ್ತು. ಮರಗೆಣಸು ಉಣ್ಣದ ಕಡೆಗಳಲ್ಲೂ ಕಾಯಿಲೆ ಕಂಡಿತು, ರೋಗಿಗಳಲ್ಲಿ ಸ್ಪಿಂಕ್1 ಎಂಬ ಜೀನಿನ ದೋಷ ಸಿಕ್ಕಿತು, ಗೆಣಸಿನ ಮೇಲಿನ ಆರೋಪ ಸಡಿಲವಾಯಿತು. ಈ ಉರಿಯೂತವಿದ್ದವರಲ್ಲಿ ಮೇದೋಜೀರಕದ ಕ್ಯಾನ್ಸರ್ ಹಲವಾರು ಪಟ್ಟು ಹೆಚ್ಚು ಎಂಬುದಂತೂ ಹಾಗೆಯೇ ನಿಂತಿದೆ.

ಕಾಫಿಯ ಮೇಲೂ ಇಂಥದೇ ಒಂದು ಆರೋಪ ಬಂದು ಹೋಯಿತು. 1981ರಲ್ಲಿ ಹಾರ್ವರ್ಡ್‌ನ ಬ್ರಯನ್ ಮ್ಯಾಕ್‌ಮಹೋನ್ ಮತ್ತು ಸಂಗಡಿಗರು ಕಾಫಿ ಕುಡಿಯುವವರಿಗೆ ಮೇದೋಜೀರಕದ ಕ್ಯಾನ್ಸರ್ ಹೆಚ್ಚು ಎಂದು ಪ್ರಕಟಿಸಿದಾಗ ಜಗತ್ತಿನಾದ್ಯಂತ ಸುದ್ದಿಯಾಯಿತು. ಹೋಲಿಕೆಗೆ ತೆಗೆದುಕೊಂಡವರಲ್ಲಿ ಬಹಳ ಮಂದಿ ಹೊಟ್ಟೆಯ ತೊಂದರೆಗೆ ಆಸ್ಪತ್ರೆಗೆ ಬಂದವರು, ಆ ತೊಂದರೆಯ ದೆಸೆಯಿಂದ ಮೊದಲೇ ಕಾಫಿ ಕಡಿಮೆ ಮಾಡಿದ್ದವರು. ಕಾಫಿಯ ಜೊತೆ ಸಿಗರೇಟು ಸೇದುವ ಚಾಳಿಯೂ ಇಂಥ ಲೆಕ್ಕಗಳನ್ನು ಕೆಡಿಸುತ್ತದೆ. ಮುಂದಿನ ದೊಡ್ಡ ಅಧ್ಯಯನಗಳಲ್ಲಿ ನಂಟು ನಿಲ್ಲಲಿಲ್ಲ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಾಫಿಯಿಂದ ಮೇದೋಜೀರಕದ ಕ್ಯಾನ್ಸರ್ ಬರುವ ಸೂಚನೆಯಿಲ್ಲ ಎಂದಿತು. ಚಿಕ್ಕಮಗಳೂರಿನ ಬೀಜ ಹುರಿದು ಫಿಲ್ಟರ್‌ನಲ್ಲಿ ಇಳಿಸುವ ನಾಡಿನವರು ಈ ವಿಷಯದಲ್ಲಿ ನಿಶ್ಚಿಂತೆಯಿಂದಿರಬಹುದು, ಲೋಟಕ್ಕೆ ಬೀಳುವ ಸಕ್ಕರೆಯ ಮೇಲೆ ಕಣ್ಣಿಟ್ಟರೆ ಸಾಕು.

ಎಲೆಕ್ಟ್ರಾನಿಕ್ ಸಿಟಿ 1978ರಲ್ಲಿ ಹುಟ್ಟಿತು. ರಾಜ್ಯ ಸರ್ಕಾರದ ಉದ್ದಿಮೆ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ ಅವರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಅದು ಆರಂಭವಾಯಿತು. ಅದೇ ವರ್ಷ ಶುರುವಾದ ಬಯೋಕಾನ್ ಕಂಪನಿ ಮೊದಲು ತಯಾರಿಸಿದ್ದು ಪರಂಗಿ ಹಾಲಿನ ಪಪೇಯಿನ್‌ನಂಥ ಕಿಣ್ವಗಳನ್ನು. ಹೊಸೂರು ರಸ್ತೆಯ ಬದಿಯ ಅದರ ಆವರಣದಿಂದ 2004ರಲ್ಲಿ ಯೀಸ್ಟ್‌ನಲ್ಲಿ ಬೆಳೆಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂತು. ಮೇದೋಜೀರಕ ಸಾಕಷ್ಟು ಕೊಡಲಾರದ ಇನ್ಸುಲಿನ್ನನ್ನು ಹಳೆಯ ರಾಗಿ ಹೊಲಗಳ ಅಂಚಿನಲ್ಲಿ ಉಕ್ಕಿನ ತೊಟ್ಟಿಗಳಲ್ಲಿ ತಯಾರಿಸಬೇಕಾದ ಕಾಲ ಬಂದಿತ್ತು. ಅದರ ಅಗತ್ಯ ಬಿದ್ದದ್ದು ಅದೇ ದಶಕಗಳಲ್ಲಿ ಸಕ್ಕರೆ ಕಾಯಿಲೆ ಹಬ್ಬಿದ್ದರಿಂದ.

1994ರಲ್ಲಿ ಇನ್ಫೋಸಿಸ್ ಎಲೆಕ್ಟ್ರಾನಿಕ್ ಸಿಟಿಗೆ ಬಂತು, ದಶಕದ ಕೊನೆಗೆ ವೈಟ್‌ಫೀಲ್ಡ್‌ನಲ್ಲಿ ಐಟಿಪಿಎಲ್ ಎಂಬ ಐಟಿ ಪಾರ್ಕ್ ತಲೆಯೆತ್ತಿತು. ಅದೇ ಹೊತ್ತಿಗೆ ಊಟದ ಮೇಲೆ ಒಂದು ಜಗಳವೂ ನಡೆಯಿತು. 1995ರ ಜೂನ್‌ನಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ದೇಶದ ತನ್ನ ಮೊದಲ ಅಂಗಡಿ ತೆರೆಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಅದನ್ನು ವಿರೋಧಿಸಿತು, ಪಾಲಿಕೆ ಅಜಿನೊಮೊಟೊ ಹೆಚ್ಚಾಗಿದೆಯೆಂದು ಪರವಾನಗಿ ರದ್ದು ಮಾಡಿತು, ನ್ಯಾಯಾಲಯದಿಂದ ಅಂಗಡಿ ಮತ್ತೆ ತೆರೆಯಿತು, 1996ರ ಜನವರಿ 30ರಂದು ರೈತ ಸಂಘದವರು ಅದರೊಳಗೆ ನುಗ್ಗಿದರು. ಅಜಿನೊಮೊಟೊ ಕ್ಯಾನ್ಸರ್ ತರುತ್ತದೆಂಬುದಕ್ಕೆ ಆಧಾರವಿಲ್ಲ. ಬೀಜ, ನೆಲ, ಊಟ ಒಟ್ಟಿಗೆ ಕೈತಪ್ಪುತ್ತಿವೆ ಎಂಬ ರೈತ ಸಂಘದ ಅಳಲಿಗೆ ಮಾತ್ರ ಆಧಾರವಿತ್ತು. ಹೊಸೂರು ರಸ್ತೆಯ, ಹಳೆ ಮದ್ರಾಸ್ ರಸ್ತೆಯ ಹೊಲಗಳು ಎಕರೆ ಲೆಕ್ಕ ಬಿಟ್ಟು ಚದರಡಿ ಲೆಕ್ಕಕ್ಕೆ ಬಂದಿದ್ದವು. ಹೊಲ ಮಾರಿದ ಮನೆಯವರೇ ಮಹಡಿ ಎತ್ತರಿಸಿ ಪಿಜಿ ನಡೆಸತೊಡಗಿದರು. ಊರಿಗೆಲ್ಲ ರಾಗಿ ಬೆಳೆದವರ ಮನೆಗೂ ಪಡಿತರದ ಅಕ್ಕಿ ಬಂತು.

ಐಟಿ ಕೆಲಸದ ಊಟದಲ್ಲಿ ಹೊಸದೇನಿತ್ತು? ಫುಡ್ ಕೋರ್ಟಿನ ಉತ್ತರ ಭಾರತದ ಥಾಳಿ, ಫ್ರೈಡ್ ರೈಸ್, ಕಬಾಬ್, ಪಿಜ್ಜಾಗಳಿಗಿಂತ ಹೊಸದು ಅದರ ಹೊತ್ತು. ಅಮೆರಿಕದ ಗಡಿಯಾರಕ್ಕೆ ಕೆಲಸ ಮಾಡುವವರು ರಾತ್ರಿ ಎರಡಕ್ಕೆ ಊಟ ಮಾಡಿದರು. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಲು ಗಂಟೆಗಟ್ಟಲೆ ಬಸ್ಸಿನಲ್ಲಿ ಕೂತವರು ರಾತ್ರಿ ಹತ್ತಕ್ಕೆ ಉಂಡು ಮಲಗಿದರು. 2014ರಲ್ಲಿ ಬೆಂಗಳೂರಿನಲ್ಲೇ ಸ್ವಿಗ್ಗಿ ಹುಟ್ಟಿದ ಮೇಲೆ ಅಂಗಡಿಯವರೆಗೆ ನಡೆಯುವ ನಾಲ್ಕು ಹೆಜ್ಜೆಯೂ ಉಳಿತಾಯವಾಯಿತು. ಮೈ ಮುರಿದು ದುಡಿದವರ ಮೊಮ್ಮಕ್ಕಳು ದಿನಕ್ಕೆ ಹತ್ತು ಗಂಟೆ ಕೂರುವವರಾದರು. ಹೊಸತೊಡಕಿನ ಮಾಂಸ ವಾರದ ಮಾಂಸವಾಯಿತು, ಸಾರಿನ ಮಾಂಸ ತಂದೂರಿನ ಮಾಂಸವಾಯಿತು. ಬೆಳಗಿನ ಜಾವ ನಾಲ್ಕಕ್ಕೆ ಹೊಸಕೋಟೆಗೆ ಕಾರಿನಲ್ಲಿ ಹೋಗಿ ಬಿರಿಯಾನಿಗೆ ಸಾಲು ನಿಲ್ಲುವುದು ಈಗ ವೈಟ್‌ಫೀಲ್ಡ್ ಕಡೆಯವರ ಹೊಸ ಪದ್ಧತಿ.

ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಆಹಾರ ಮತ್ತು ಮೇದೋಜೀರಕದ ಕ್ಯಾನ್ಸರಿನ ಮೇಲಿನ ಎಲ್ಲ ಅಧ್ಯಯನಗಳನ್ನು ತೂಗಿ ನೋಡಿದಾಗ ಬಲವಾದ ಪುರಾವೆ ಸಿಕ್ಕ ಆಹಾರದ ಸಂಗತಿ ಒಂದೇ, ಮೈಯಲ್ಲಿ ಕೂಡಿದ ಹೆಚ್ಚಿನ ಕೊಬ್ಬು. ಕೆಂಪು ಮಾಂಸ, ಸಂಸ್ಕರಿಸಿದ ಮಾಂಸ, ಸ್ಯಾಚುರೇಟೆಡ್ ಕೊಬ್ಬು, ಫ್ರಕ್ಟೋಸ್ ತುಂಬಿದ ಪಾನೀಯ, ಅತಿಯಾದ ಮದ್ಯ ಇವೆಲ್ಲ ಸೂಚನೆಯ ಮಟ್ಟದಲ್ಲೇ ಉಳಿದವು. ದೇಹತೂಕದ ಸೂಚ್ಯಂಕ 5 ಅಂಕ ಏರಿದರೆ ಅಪಾಯ ಸುಮಾರು ಶೇ. 10 ಏರುತ್ತದೆ. ಭಾರತೀಯರ ಮೈಯಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಬೇಗ ಕೂಡುವುದರಿಂದ ಇಲ್ಲಿ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಹೊಟ್ಟೆಯ ಕೊಬ್ಬು ಇನ್ಸುಲಿನ್ ಮಾತು ಕೇಳದಂತೆ ಮಾಡುತ್ತದೆ, ಮೇದೋಜೀರಕ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಜೀವಕೋಶಗಳನ್ನು ಬೆಳೆಯಲು ಒತ್ತಾಯಿಸುವ ಈ ಇನ್ಸುಲಿನ್ ಪ್ರವಾಹದ ನಡುವೆಯೇ ಗ್ರಂಥಿಯ ನಾಳಗಳು ವರ್ಷಗಟ್ಟಲೆ ಇರಬೇಕಾಗುತ್ತದೆ. ಹಳೆಯ ಸಕ್ಕರೆ ಕಾಯಿಲೆಯಿರುವವರಲ್ಲಿ ಮೇದೋಜೀರಕದ ಕ್ಯಾನ್ಸರ್ ಒಂದೂವರೆಯಿಂದ ಎರಡು ಪಟ್ಟು ಹೆಚ್ಚು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, 13.6 ಕೋಟಿ ಜನರಿಗೆ ಅದರ ಹಿಂದಿನ ಹಂತ ಇದೆಯೆಂದು ಅಂದಾಜಿಸಿತು. ಸಿಂಗಪುರದ ಚೀನೀಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೆ ಎರಡು ಅಥವಾ ಹೆಚ್ಚು ಬಾಟಲಿ ಸಿಹಿ ಸಾಫ್ಟ್ ಡ್ರಿಂಕ್ ಕುಡಿಯುವವರಲ್ಲಿ ಈ ಕ್ಯಾನ್ಸರ್ ಶೇ. 87ರಷ್ಟು ಹೆಚ್ಚು ಕಂಡಿತು. ಬೇರೆ ಅಧ್ಯಯನಗಳು ಅಷ್ಟು ಕಾಣಲಿಲ್ಲ. ಆದರೂ ಸಿಹಿ ಪಾನೀಯ ತೂಕ ಏರಿಸುತ್ತದೆಂಬುದರಲ್ಲಿ ಎರಡು ಮಾತಿಲ್ಲ.

ಎಲೆಕ್ಟ್ರಾನಿಕ್ ಸಿಟಿಯ ಊಟ ಕ್ಯಾನ್ಸರ್ ತಂದಿತೆ ಎಂದು ಕೇಳಿದರೆ ಲೆಕ್ಕ ಇನ್ನೂ ಕೈಗೆ ಬಂದಿಲ್ಲ. ಕಾರಣ ಸರಳ. ಈ ಕ್ಯಾನ್ಸರ್ ಹೆಚ್ಚಾಗಿ ಬರುವುದು 60 ದಾಟಿದ ಮೇಲೆ, ಮೊದಲ ಜೀನು ಕೆಟ್ಟಲ್ಲಿಂದ ಗಡ್ಡೆ ಬಲಿಯುವವರೆಗೆ ಹತ್ತಿಪ್ಪತ್ತು ವರ್ಷ ಹಿಡಿಯುತ್ತದೆ. 1994ರಲ್ಲಿ 25ರ ಪ್ರಾಯದಲ್ಲಿ ಕೆಲಸಕ್ಕೆ ಸೇರಿದವರು ಈಗ 55 ದಾಟಿದ್ದಾರೆ. ಫುಡ್ ಕೋರ್ಟಿನಲ್ಲಿ ಉಂಡ ಮೊದಲ ತಲೆಮಾರು ಅಪಾಯದ ವಯಸ್ಸಿಗೆ ಕಾಲಿಡುತ್ತಿರುವುದೇ ಈಗ. ಜಪಾನಿನಲ್ಲಿ 1950ರ ನಂತರ ಊಟ, ದುಡಿಮೆ, ಸಿಗರೇಟು ಒಟ್ಟಿಗೆ ಬದಲಾದಾಗ ಮೇದೋಜೀರಕದ ಕ್ಯಾನ್ಸರಿನ ಸಾವುಗಳು ಕೆಲವೇ ದಶಕಗಳಲ್ಲಿ ಹಲವು ಪಟ್ಟು ಏರಿದವು. ಬೆಂಗಳೂರಿಗೆ ಈ ಲೆಕ್ಕ ಇಡುವ ಸಾಧನವಂತೂ ಇದೆ. 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ 1982ರಿಂದ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಮುಂಬಯಿ, ಚೆನ್ನೈಗಳೊಂದಿಗೆ ರಾಷ್ಟ್ರೀಯ ಕಾರ್ಯಕ್ರಮದ ಮೊದಲ ಮೂರು ನೋಂದಣಿಗಳಲ್ಲಿ ಅದೂ ಒಂದು.

ಜನರ ಭಯ ಹೆಚ್ಚಾಗಿ ಕಣ್ಣಿಗೆ ಕಾಣುವುದರ ಮೇಲೆ ನಿಲ್ಲುತ್ತದೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ, ಬಾಂಬೆ ಮಿಠಾಯಿಗೆ ರೋಡಮೈನ್–ಬಿ ಹಾಕುವುದನ್ನು ನಿಷೇಧಿಸಿತು, ಜೂನ್‌ನಲ್ಲಿ ಕಬಾಬಿಗೂ ಅದೇ ನಿಯಮ ಬಂತು. ಸರಿಯಾದ ಕ್ರಮ. ಆದರೆ ಬಣ್ಣ ತೆಗೆದ ಗೋಬಿಯೂ ಮೈದಾ ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದದ್ದೇ. ಮೇದೋಜೀರಕದ ಮಟ್ಟಿಗೆ ಕೆಂಪು ಬಣ್ಣಕ್ಕಿಂತ ದಿನವೂ ಸಂಜೆ ತಿನ್ನುವ ಆ ಕರಿದ ತಟ್ಟೆಯೂ ಅದರ ಪಕ್ಕದ ಸಿಗರೇಟೂ ದೊಡ್ಡ ಸಂಗತಿ.

ರಾಗಿ ಮರಳಿದ್ದು ಎರಡು ದಾರಿಯಲ್ಲಿ. 2013ರ ಅನ್ನಭಾಗ್ಯ ಯೋಜನೆ ಹಸಿವನ್ನು ನೀಗಿಸಿತು, ಅಕ್ಕಿಯನ್ನು ಬಡವರ ತಟ್ಟೆಯ ನಡುವಿಗೆ ತಂದಿತು. ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ಆಮೇಲೆ ರಾಗಿಯೂ ಸೇರಿತು. 2017ರ ಆಗಸ್ಟ್ 16ರಂದು ಆರಂಭವಾದ ಇಂದಿರಾ ಕ್ಯಾಂಟೀನ್ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟಿತು. 250 ಜನರ ಕಾಯ್ದೆ ಬಿಟ್ಟುಹೋದ ಪೀಣ್ಯದ ಶೆಡ್ಡಿನ ಹುಡುಗನಿಗೆ ಎಪ್ಪತ್ತು ವರ್ಷದ ನಂತರವಾದರೂ ಕ್ಯಾಂಟೀನ್ ಸಿಕ್ಕಂತಾಯಿತು. ಅದರ ಊಟದ ಪಟ್ಟಿಗೆ ಮುದ್ದೆ, ಸೊಪ್ಪಿನ ಸಾರು ಸೇರಿದ್ದು ಇನ್ನೂ ಒಳ್ಳೆಯದಾಯಿತು. ಇನ್ನೊಂದು ದಾರಿ ಸೂಪರ್ ಮಾರ್ಕೆಟ್ಟಿನದು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ರಾಗಿ ಬಿಸ್ಕತ್ತು, ರಾಗಿ ಚಿಪ್ಸ್‌ಗಳು ಕಪಾಟು ತುಂಬಿದವು. ಸಕ್ಕರೆ, ತಾಳೆ ಎಣ್ಣೆ ಸೇರಿದ ಬಿಸ್ಕತ್ತಿನಲ್ಲಿ ರಾಗಿಯ ಹೆಸರಿದೆ, ಅಕ್ಕಡಿ ಸಾಲಿನ ಊಟ ಇಲ್ಲ.

ಈ ಕ್ಯಾನ್ಸರನ್ನು ಲಕ್ಷಣ ಕಾಣುವ ಮೊದಲೇ ಎಲ್ಲರಲ್ಲೂ ಪತ್ತೆ ಮಾಡುವ ಸರಳ ಪರೀಕ್ಷೆ ಇಂದಿಗೂ ಇಲ್ಲ. ಒಂದು ಮುನ್ಸೂಚನೆ ಮಾತ್ರ ನೆನಪಿನಲ್ಲಿರಬೇಕು. ಐವತ್ತು ದಾಟಿದವರಿಗೆ, ಮನೆತನದಲ್ಲಿ ಯಾರಿಗೂ ಇಲ್ಲದೆ, ಮೈ ದಪ್ಪವಾಗದೆ, ಹೊಸದಾಗಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡು ಜೊತೆಗೇ ತೂಕ ಇಳಿಯತೊಡಗಿದರೆ ಅದು ಮೇದೋಜೀರಕದ ಗಡ್ಡೆಯ ಗುರುತೂ ಆಗಿರಬಹುದು. ಐವತ್ತರ ನಂತರ ಹೊಸದಾಗಿ ಸಕ್ಕರೆ ಕಾಯಿಲೆ ಬಂದ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಹಾಗೆ ಆಗುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ, ಭಯಪಡುವಂಥದ್ದಲ್ಲ. ಆದರೆ ತೂಕ ಇಳಿದದ್ದನ್ನು ಪಥ್ಯದ ಫಲವೆಂದು ಸಂತೋಷಪಟ್ಟು ಸುಮ್ಮನಿರದೆ ವೈದ್ಯರಿಗೆ ಹೇಳಿ ಹೊಟ್ಟೆಯ ಸ್ಕ್ಯಾನಿಂಗ್ ಬೇಕೇ ಎಂದು ಕೇಳಬೇಕು.